ರೇಶಮ್ ಸಿಂಗನ ಸರದಿ

ಮೂರನೆಯ ಲೋಟ ಕುಡಿಯಬಾರದಿತ್ತು ಎಂದು ರೇಶಮ್ ಸಿಂಗನಿಗೆ ಹೊಳೆದಾಗ ಹೊತ್ತು ಮೀರಿತ್ತು. ಅಷ್ಟರಲ್ಲಿ ಅವನು ಗುರುಗ್ರಂಥದ ಹಿಂದೆ ಕಾಲು ಮಡಿಚಿ ಕೂತು, ಗ್ರಂಥ ನೋಡಿಕೊಳ್ಳುವ ಗ್ರಂಥಿ ಅಜೈಬ್ ಸಿಂಗ್ ಓದುತ್ತಿದ್ದ ಸಾಲನ್ನು ತಾನೂ ಹಿಡಿದು, ಒಂದು ಸಾಲಿನಷ್ಟು ಹೊತ್ತು ಇಬ್ಬರ ದನಿಯೂ ಒಂದೇ ಆಗಿ ಹರಿದು, ಆಮೇಲೆ ಅಜೈಬ್ ಸಿಂಗನ ದನಿ ಅದರೊಳಗಿಂದ ಮೆಲ್ಲಗೆ ಕಳಚಿಕೊಂಡು ಎದ್ದು ಹೋಗಿತ್ತು. ಇನ್ನು ತಾನೊಬ್ಬನೇ. ಮುಂದಿನವನು ಬಂದು ಹೀಗೆಯೇ ಪಕ್ಕದಲ್ಲಿ ಕೂತು ಸಾಲು ಹಿಡಿಯುವ ತನಕ ಬಾಯಿ ನಿಲ್ಲಿಸುವಂತಿಲ್ಲ. ನಿನ್ನೆ ಬೆಳಿಗ್ಗೆ ಮೊದಲ ಪುಟದಿಂದ ಹೊರಟ ಓದು ನಾಳೆ ಬೆಳಿಗ್ಗೆ ಕೊನೆಯ ಪುಟ ಮುಟ್ಟುವವರೆಗೆ ಒಂದೇ ದಾರವಾಗಿರಬೇಕು. ಕೆಮ್ಮು ಬಂದರೆ ಕೆಮ್ಮಬಹುದು, ಮಾತಾಡುವಂತಿಲ್ಲ, ಏಳುವಂತಿಲ್ಲ. ದಾರ ಕಡಿದರೆ ಮತ್ತೆ ಮೊದಲ ಪುಟ. ಇದೆಲ್ಲ ಅವನಿಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಕುಡಿದಿದ್ದ.

ಅವನು ಓದಲು ಬರುವಾಗ ದೊಡ್ಡ ಗುರುದ್ವಾರದ ಗೇಟಿನ ಮುಂದೆ ಜಮೀನ್ದಾರರ ಹುಡುಗರು ಡ್ರಮ್ಮಿನಲ್ಲಿ ಮಂಜುಗಡ್ಡೆ ಒಡೆದು ಹಾಕಿ, ಹಾಲಿಗೆ ಗುಲಾಬಿ ಶರಬತ್ತು ಕಲಸಿ, ರಸ್ತೆಗೆ ಅಡ್ಡ ಬಿದಿರು ಹಿಡಿದು ನಿಂತಿದ್ದರು. ಜ್ಯೇಷ್ಠದ ಬಿಸಿಲಿನಲ್ಲಿ ಹಿಂದೆ ಮೊಗಲರು ಐದನೆಯ ಗುರುವನ್ನು ಕಾದ ಹೆಂಚಿನ ಮೇಲೆ ಕೂರಿಸಿ ಹಿಂಸಿಸಿದ್ದರಲ್ಲ, ಆ ನೆನಪಿಗೆ ಪ್ರತಿವರ್ಷ ಈ ವಾರ ಪಂಜಾಬಿನಲ್ಲಿ ಬಾಯಾರಿದವನು ಬಾಯಾರದವನು ಯಾರೂ ತಣ್ಣಗೆ ಕುಡಿಯದೆ ರಸ್ತೆ ದಾಟುವಂತಿಲ್ಲ. ಬಸ್ಸನ್ನೂ ಬಿಡುವುದಿಲ್ಲ, ಹೆಣದ ಗಾಡಿಯ ಡ್ರೈವರನನ್ನೂ ಬಿಡುವುದಿಲ್ಲ. "ಓಯ್ ರೇಶಮಾ, ಕುಡಿಯೋ!" ಎಂದು ಒಬ್ಬ ಕೂಗಿದ. ಕುಡಿದೇ ಬಂದಿದ್ದೀನಿ ಅಂದ ರೇಶಮ್. "ಎಲ್ಲಿ, ನಿಮ್ಮ ಕೇರೀಲಾ? ಅಲ್ಲಿ ಶರಬತ್ತಿಗೆ ಸಕ್ಕರೆ ಹಾಕ್ತಾರೋ, ಬರೀ ಬಣ್ಣಾನೋ?" ಎಲ್ಲರೂ ನಕ್ಕರು. ರೇಶಮ್ ಮೊದಲು ಲೋಟ ನೋಡಿದ. ಎಲ್ಲರಿಗೂ ಕೊಡುತ್ತಿದ್ದ ಸ್ಟೀಲಿನ ಲೋಟವೇ. ಅದನ್ನು ಖಚಿತ ಮಾಡಿಕೊಳ್ಳಲು ಒಂದು ಕುಡಿದ. ತಾನು ಕೆಳಗಿಟ್ಟ ಲೋಟವನ್ನು ಉಳಿದವುಗಳ ಜೊತೆಗೇ ಅದೇ ಬಕೆಟಿನಲ್ಲಿ ಅದ್ದುತ್ತಾರೋ ಇಲ್ಲವೋ ನೋಡಲು ಇನ್ನೊಂದು ಕುಡಿದ. ಅದ್ದಿದರು. ಅದಕ್ಕೂ ಅವನಿಗೆ ಸಿಟ್ಟು ಬಂತು. ಸಿಟ್ಟಿಗೆ ಒಂದು ಕಾರಣವಾದರೂ ಬೇಡವೇ. ಅಷ್ಟರಲ್ಲಿ ಮೊದಲಿನವನು, "ಇನ್ನೊಂದು ಹಾಕ್ಕೊಳ್ಳಿ ಬಾಬಾಜೀ, ಇವತ್ತು ದೊಡ್ಡ ಜಾಗದಲ್ಲಿ ಕೂತು ಓದೋರು ನೀವು. ಮಧ್ಯದಲ್ಲಿ ಗಂಟಲೊಣಗಿ ಕಾಗೆ ಥರ ಕೂಗಿಬಿಟ್ಟೀರಿ" ಅಂದ. ಆಗ ಮೂರನೆಯದನ್ನು ಉಸಿರು ಬಿಡದೆ, ಅವನ ಕಣ್ಣಲ್ಲಿ ಕಣ್ಣಿಟ್ಟು ಕುಡಿದು, ಲೋಟವನ್ನು ಟಕ್ಕೆಂದು ಇಟ್ಟಿದ್ದ. ಉತ್ತರ ಕೊಟ್ಟೆ ಎಂದುಕೊಂಡಿದ್ದ. ಏನು ಉತ್ತರ ಕೊಟ್ಟೆ ಎಂಬುದು ಈಗ ಹೊಟ್ಟೆಯ ಕೆಳಗೆ ತಣ್ಣಗೆ ಭಾರವಾಗಿ ಕೂತಿತ್ತು.

ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ನಾಲಗೆ ಕಣ್ಣಿನ ಹಿಂದೆ ಓಡುತ್ತಿತ್ತು. ಹಾಲುಗಲ್ಲಿನ ನೆಲದ ಈ ಹಜಾರದಲ್ಲಿ ಎಸಿ ಇತ್ತು. ಎಸಿ ಕೊಡಿಸಿದ ಪುಣ್ಯಾತ್ಮನ ಹೆಸರು ಎಸಿಯ ಮೇಲೆಯೇ ಕೆಂಪು ಅಕ್ಷರದಲ್ಲಿ ಬರೆದಿತ್ತು. ಅದರ ಗಾಳಿ ನೇರವಾಗಿ ರೇಶಮನ ಸೊಂಟಕ್ಕೆ ಬಡಿಯುತ್ತಿತ್ತು. ಕೇರಿಯ ಸಣ್ಣ ಗುರುದ್ವಾರದಲ್ಲಿ ಒಂದು ಫ್ಯಾನು, ಕರೆಂಟು ಇದ್ದರೆ ತಿರುಗುತ್ತದೆ. ಅಲ್ಲಿ ಓದಲು ಕೂತರೆ ಕುಡಿದ ನೀರೆಲ್ಲ ಬೆವರಾಗಿ ಹೋಗಿ ಬೇರೆ ಯಾವ ಯೋಚನೆಯೂ ಬರುವುದಿಲ್ಲ. ಅಲ್ಲಿಗೇ ಮೊನ್ನೆ ಅಜೈಬ್ ಸಿಂಗ್ ಬಂದಿದ್ದ. ಸ್ಕೂಟರಿನಿಂದ ಇಳಿಯದೆ, ಇಂಜಿನ್ನೂ ಆರಿಸದೆ, "ರೇಶಮಾ, ಒಂದು ಸರದಿ ಓದಿಕೊಡಬೇಕಲ್ಲ. ಒಬ್ಬನಿಗೆ ಭೇದಿ ಹತ್ತಿದೆ, ಇಬ್ಬರು ಭಟಿಂಡಾಕ್ಕೆ ಮದುವೆಗೆ ಹೋಗಿದಾರೆ. ಬೇರೆ ಯಾರೂ ಸಿಗಲಿಲ್ಲ" ಅಂದಿದ್ದ. ಜಗಲಿಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅವನ ಸೋದರತ್ತೆ ಮೇಲೋ ತಲೆಯೆತ್ತದೆ, "ಬೇರೆ ಯಾರೂ ಸಿಗಲಿಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದ್ರಾ ಬಾಬಾಜೀ? ಸಿಗದೆ ಹೋದೋರ ಹೆಸರೆಲ್ಲ ಹೇಳಿಬಿಡಿ, ಕೇಳಿ ಸಂತೋಷಪಡ್ತೀವಿ" ಅಂದಳು. ಅಜೈಬ್ ಸಿಂಗ್ ಸ್ಕೂಟರಿನ ಕನ್ನಡಿ ಒರೆಸಿಕೊಂಡ. "ನಾನೇನು ಮಾಡ್ಲಿ ಮೇಲೋ, ಕಮಿಟಿ ಅಂದ್ರೆ ಕಮಿಟಿ, ಮೊದಲು ಅವರು ಹೇಳಿದೋರು. ಓದೋದಂತೂ ನಿನ್ನ ಹುಡುಗನಷ್ಟು ಶುದ್ಧವಾಗಿ ಈ ಕಡೆ ಯಾರೂ ಓದಲ್ಲ." ಈ ಮಾತು ಮೊದಲು ಹೇಳಬಹುದಿತ್ತಲ್ಲ ಎಂದು ರೇಶಮ್ ಎರಡು ದಿನ ಹಲ್ಲು ಕಡಿದ. ಹೋಗುವುದಿಲ್ಲ ಎಂದು ನಾಲ್ಕು ಸಲ ತೀರ್ಮಾನ ಮಾಡಿ, ಇವತ್ತು ಎಲ್ಲರಿಗಿಂತ ಮೊದಲೇ ತಲೆಗೆ ಸ್ನಾನ ಮಾಡಿ, ನೀಲಿ ಪಗಡಿಯನ್ನು ಎರಡು ಸಲ ಬಿಚ್ಚಿ ಮೂರನೆಯ ಸಲ ಸರಿಯಾಗಿ ಸುತ್ತಿ ಹೊರಟಿದ್ದ.

ಶಾಲೆ ಬಿಟ್ಟಾಗಲೂ ಹೀಗೆಯೇ, ತೀರ್ಮಾನ ಒಂದು, ಮಾಡಿದ್ದು ಒಂದು. ಮೇಷ್ಟರು ದಿನಾ ಗಣಿತದ ಹೊತ್ತಿಗೆ ಇವನನ್ನೇ ಕರೆದು ತಮ್ಮ ಎಮ್ಮೆಗೆ ನೀರು ಕುಡಿಸಿಕೊಂಡು ಬಾ ಎನ್ನುತ್ತಿದ್ದರು. ಒಂದು ದಿನ, ಕೂರಿಸಿ ಗಣಿತ ಹೇಳಿಕೊಡಿ ಸಾರ್ ಎಂದು ಕೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋದವನು, ಕೇಳುವ ಬದಲು ಬಕೆಟನ್ನು ಬಾವಿಗೆ ಎಸೆದು ಮನೆಗೆ ಬಂದಿದ್ದ. ಎಂಟನೆಯ ಕ್ಲಾಸು ಅಲ್ಲಿಗೆ ಮುಗಿಯಿತು. ಆಮೇಲೆ ಗ್ರಂಥದ ಓದು ಕಲಿಸಿದವಳು ಮೇಲೋ ಅತ್ತೆ. ಕೈಯಲ್ಲಿ ಸ್ವೆಟರು ಹೆಣೆಯುವ ಕಡ್ಡಿ. ತಪ್ಪಾದ ಕಡೆ ಕಿವಿಯ ಹಿಂದೆ ಚುಚ್ಚು, ಸರಿಯಾದ ಕಡೆ ಏನೂ ಇಲ್ಲ. ಮನಸ್ಸು ಬೇರೆ ಕಡೆ ಹೋದರೆ ಅವಳಿಗೆ ದನಿಯಲ್ಲೇ ಗೊತ್ತಾಗುತ್ತಿತ್ತು. ಈಗ ಈ ಲೌಡ್‌ಸ್ಪೀಕರಿನಲ್ಲಿ ಕೇರಿಯ ತನಕ ಹೋಗುತ್ತಿರುವ ದನಿ ಅವಳಿಗೆ ಏನು ಹೇಳುತ್ತಿರಬಹುದು? ಗುರುವಿನ ಮುಂದೆ ಕೂತು, ಗುರುವಿನ ಅಕ್ಷರವನ್ನು ಬಾಯಲ್ಲಿಟ್ಟುಕೊಂಡು, ಉಚ್ಚೆಯ ಬಗ್ಗೆ ಯೋಚಿಸುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಮನಸ್ಸಿನಲ್ಲೇ ಕ್ಷಮೆ ಕೇಳಿದ. ಕೇಳಿದ ಮರುಗಳಿಗೆ, ಕ್ಷಮೆ ಕೇಳುವಂಥದ್ದೇನು ಮಾಡಿದ್ದೇನೆ, ಕುಡಿಸಿದವರು ಯಾರು, ಎಂದು ರೇಗಿತು. ಬಾಯಿ ಇದ್ಯಾವುದನ್ನೂ ಲೆಕ್ಕಿಸದೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಪುಟ ತಿರುಗಿಸಿದ. ತಿರುಗಿಸಲು ಮುಂದಕ್ಕೆ ಬಾಗಬೇಕಾಯಿತು. ಬಾಗಬಾರದಿತ್ತು.

ಸರೂಪ್ ಸಿಂಗ್ ಬರಬೇಕಾದ ಹೊತ್ತು ಬಂತು. ರೇಶಮನ ನಂತರದ ಸರದಿ ದೂರದ ಊರಿನ ಆ ಸರೂಪ್ ಸಿಂಗನದು. ಬರಬೇಕಾದ ಹೊತ್ತು ಹೋಯಿತು. ಬಾಗಿಲಲ್ಲಿ ಅಜೈಬ್ ಸಿಂಗನ ತಲೆ ಒಮ್ಮೆ ಕಾಣಿಸಿ, ಕೈಯಿಂದ ಸ್ಕೂಟರಿನ ಹ್ಯಾಂಡಲ್ ತಿರುಗಿಸುವಂತೆ ಮಾಡಿ, ಹೋಗಿ ಕರೆತರುತ್ತೇನೆ ಎಂದು ಸನ್ನೆ ಮಾಡಿ ಮಾಯವಾಯಿತು. ಊರಿನಲ್ಲಿ ಇದ್ದ ಇನ್ನೊಬ್ಬ ಓದುಗನೆಂದರೆ ಅವನೇ, ಅವನೂ ಹೀಗೆ ಸ್ಕೂಟರ್ ಹತ್ತಿ ಹೋದ. ಹಜಾರದಲ್ಲಿ ಉಳಿದವರು ಇಬ್ಬರು. ಗ್ರಂಥದ ಹಿಂದೆ ನಿಂತು ಚಾಮರ ಬೀಸುವ ಗೇಲಾ, ಅವನು ನಿಂತೇ ನಿದ್ದೆ ಮಾಡುವವನು, ನಿದ್ದೆಯಲ್ಲೂ ಕೈ ಬೀಸುತ್ತದೆ. ಮತ್ತೆ ಕಂಬಕ್ಕೆ ಒರಗಿ ಕೂತ ಬೇಬೇ ದಲೀಪ್ ಕೌರ್, ಊರಿಗೆಲ್ಲ ಅಜ್ಜಿ, ಕಣ್ಣು ಸರಿಯಾಗಿ ಕಾಣದು. ರೇಶಮ್ ಸಾಲಿನ ಕೊನೆಗೆ ಬಂದಾಗಲೆಲ್ಲ ಹುಬ್ಬು ಹಾರಿಸಿದ. ಬೇಬೇ ಕಣ್ಣು ಮುಚ್ಚಿಕೊಂಡಿದ್ದಳು. ತೊಡೆಯ ಮೇಲೆ ಚಟೀರೆಂದು ಹೊಡೆದುಕೊಂಡ. ಬೇಬೇ ಕಣ್ಣು ಬಿಟ್ಟು ನೋಡಿ, ಎರಡೂ ಕೈ ಜೋಡಿಸಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಅವನು ತಲೆಯನ್ನು ಬಾಗಿಲಿನ ಕಡೆ ಜಾಡಿಸಿದ. "ಧನ್ಯ, ಧನ್ಯ" ಎಂದಳು ಅವಳು, ಮತ್ತೆ ಕಣ್ಣು ಮುಚ್ಚಿದಳು.

ಉಳಿದದ್ದು ದನಿ. ಅದನ್ನು ಎತ್ತಿದ. ಯಾರಾದರೂ ಕೇಳಿ, ಏನೋ ಆಗಿದೆ ಎಂದು ಬರಲಿ ಎಂದು ಎತ್ತಿದ. ಹೊಟ್ಟೆ ಹಿಡಿದುಕೊಂಡಿದ್ದರಿಂದ ದನಿ ಎತ್ತಿದ ಕೂಡಲೇ ನಡುಗಿತು. ನಡುಗಿದ್ದನ್ನು ತಡೆಯಲು ಎಳೆದ. ಸಾಲಿನ ಕೊನೆ ಕೊನೆಗೆ ಬಂದಾಗ ಅಳುವಿನಂಥದ್ದೊಂದು ಅದಾಗಿಯೇ ಸೇರಿಕೊಂಡಿತು. ಮೇಲೆ ಗುಮ್ಮಟದ ನಾಲ್ಕು ದಿಕ್ಕಿಗೂ ಕಟ್ಟಿದ್ದ ಲೌಡ್‌ಸ್ಪೀಕರುಗಳು ಅದನ್ನು ಹಿಡಿದು ಮನೆ ಮನೆಗೆ, ಕೊಟ್ಟಿಗೆ ಕೊಟ್ಟಿಗೆಗೆ ಹಂಚಿದವು. ಸ್ವಲ್ಪ ಹೊತ್ತಿಗೆ ಹೆಂಗಸೊಬ್ಬಳು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದು ತಲೆಬಾಗಿ ಕೂತಳು. ಅವಳ ಹಿಂದೆ ಇಬ್ಬರು. ಆಮೇಲೆ ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದು ನಿಲ್ಲಲೇ ಇಲ್ಲ. ಶರಬತ್ತಿನ ಹುಡುಗರೂ ಬಂದರು, ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು, ತಲೆಗೆ ಕರವಸ್ತ್ರ ಕಟ್ಟಿಕೊಂಡು. "ಏನು ರಸ ಇದೆ ನೋಡು ದನೀಲಿ" ಎಂದು ಒಬ್ಬಳು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಅವನಿಗೆ ಕೇಳಿಸಿತು. "ಯಾರ ಮಗ?" "ಆ ಕೇರಿಯ..." "ಇರಲಿ ಬಿಡು, ಗುರು ಮಹಾರಾಜ ಯಾರ್ಯಾರ ಗಂಟಲಲ್ಲಿ ಕೂತ್ಕೊಳ್ತಾನೋ." ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಟ್ಟಿದಾಗಿನಿಂದ ಈ ಊರು ತನ್ನನ್ನು ಹೀಗೆ ಕಣ್ಣು ತುಂಬಿ ನೋಡಲಿ ಎಂದು ಅವನು ಬಯಸಿದ್ದು ಸುಳ್ಳಲ್ಲ. ಅದು ಈ ಹೊತ್ತಿಗೆ, ಈ ಕಾರಣಕ್ಕೆ ಬರಬೇಕಿತ್ತೆ? ಜನ ಬಂದಷ್ಟೂ ಎದ್ದು ಹೋಗುವುದು ಅಸಾಧ್ಯವಾಗುತ್ತ ಹೋಯಿತು. ಎದ್ದರೆ ಓದು ಕಡಿಯುತ್ತದೆ. ನಾಳೆಯ ಮುಕ್ತಾಯಕ್ಕೆ ಮೂರು ಊರಿಗೆ ಹೇಳಿಯಾಗಿದೆ. ಆ ಕೇರಿಯವರಿಗೆ ಕೊಟ್ಟರೆ ಹೀಗೇ ಎಂಬ ಒಂದು ಮಾತು ಹುಟ್ಟಿ ಅವನ ಮೊಮ್ಮಕ್ಕಳ ಕಾಲದವರೆಗೂ ಬದುಕುತ್ತದೆ. ಏಳದಿದ್ದರೆ, ಗುರುವಿನ ಎದುರಿಗೆ, ಈ ಬಿಳಿ ಹಾಸಿನ ಮೇಲೆ... ಆ ಯೋಚನೆಯನ್ನು ಮುಗಿಸಲಾರದೆ ಅವನು ಒಂದು ಸಾಲನ್ನು ಎಷ್ಟು ಆರ್ತವಾಗಿ ಓದಿದನೆಂದರೆ ಗೇಲಾ ಎಚ್ಚರಗೊಂಡ.

ಆಗ ಬಂದವನು ಮಲ್ಕೀತ್ ಸಿಂಗ್. ಕಮಿಟಿಯ ಪ್ರಧಾನ. ಎದೆಯ ತನಕ ಬಿಳಿಯ ಗಡ್ಡ, ಹೆಗಲಿಂದ ಇಳಿಬಿಟ್ಟ ಕಿರ್ಪಾನು ಕತ್ತಿ, ಜೇಬಿನಲ್ಲಿ ಸದಾ ಜರಿಯ ಬಟ್ಟೆ ಸುತ್ತಿದ ಪ್ರಾರ್ಥನೆಯ ಪುಸ್ತಕ. ರೇಶಮನ ಅಪ್ಪ ಸಾಯುವ ತನಕ ಇವನ ಹೊಲದಲ್ಲಿ ಜೀತಕ್ಕಿದ್ದ. ಅಮೃತದ ದೀಕ್ಷೆ ಪಡೆದವರಲ್ಲದೆ ಬೇರೆ ಯಾರೂ ಗ್ರಂಥದ ಹಿಂದೆ ಕೂರಬಾರದು ಎಂದು ಬಾಗಿಲ ಬಳಿ ಬೋರ್ಡು ಹಾಕಿಸಿದವನು ಇವನೇ. ಹಜಾರದಲ್ಲಿ ಈಗ ಅಷ್ಟು ಜನ ಇದ್ದರಲ್ಲ, ಅವರಲ್ಲಿ ಓದು ಬಲ್ಲ ಹುಡುಗಿಯರು ಕೆಲವರಿದ್ದರು, ದೀಕ್ಷೆ ಇರಲಿಲ್ಲ. ದೀಕ್ಷೆ ಇದ್ದವರು ರೇಶಮ್ ಬಿಟ್ಟರೆ ಇವನೊಬ್ಬನೇ. ಇಬ್ಬರದೂ ಒಂದೇ ದಿನ ಆದದ್ದು, ವೈಶಾಖಿ ಹಬ್ಬದಲ್ಲಿ, ತಲವಂಡಿಯ ಗುರುದ್ವಾರದಲ್ಲಿ. ಅಮೃತದ ಕಬ್ಬಿಣದ ಬೋಗುಣಿ ಸಾಲಿನ ಉದ್ದಕ್ಕೂ ಬಾಯಿಂದ ಬಾಯಿಗೆ ಬರುತ್ತಿದ್ದಾಗ ರೇಶಮನ ಎಡಗಡೆ ಇದ್ದ ಮಲ್ಕೀತ್ ಸಿಂಗ್ ಏನೋ ಮರೆತವನಂತೆ ಎದ್ದು ಹೋಗಿ ಬಲಗಡೆ ಬಂದು ಕೂತಿದ್ದ, ಬೋಗುಣಿ ಆ ಕಡೆಯಿಂದ ಬರುತ್ತಿತ್ತಲ್ಲ, ಮೊದಲು ಕುಡಿದುಬಿಡೋಣವೆಂದು. ಕುಡಿದ. ಸಾಲಿನ ತುದಿ ಮುಟ್ಟಿದ ಬೋಗುಣಿ ಅಲ್ಲಿಂದ ತಿರುಗಿ ಹಿಂದಕ್ಕೆ ಬರುತ್ತದೆ, ಕೊನೆಯವನು ಮೊದಲನೆಯವನಾಗುತ್ತಾನೆ, ಪದ್ಧತಿಯೇ ಹಾಗೆ ಎಂಬುದು ಅವನಿಗೆ ಮರೆತುಹೋಗಿತ್ತು. ರೇಶಮ್ ಆ ಎರಡನೆಯ ಸಲ ಗಡ್ಡ ಮೀಸೆಯೆಲ್ಲ ಅದ್ದುವಂತೆ, ಬೇಕೆಂದೇ ನಿಧಾನವಾಗಿ ಕುಡಿದು ಅವನ ಕೈಗೆ ಕೊಟ್ಟಿದ್ದ. ಆಗ ರೇಶಮನಿಗೆ ಹದಿನೇಳರ ವಯಸ್ಸು. ಗುರುವಿನ ಮಗನಾಗುವ ಘಳಿಗೆಯಲ್ಲಿ ಇಂಥ ಕೊಳಕು ಸಂತೋಷ ಪಟ್ಟೆನಲ್ಲ ಎಂಬುದು ಅವನನ್ನು ಆಗಾಗ ಕುಟುಕುತ್ತಿತ್ತು, ಸಂತೋಷ ಮಾತ್ರ ಕಡಿಮೆಯಾಗಿರಲಿಲ್ಲ.

ಈಗ ಅವನು ಮಲ್ಕೀತ್ ಸಿಂಗನನ್ನೇ ನೋಡಿದ. ಓದುತ್ತ, ಕಣ್ಣು ಕೀಳದೆ, ಗಡ್ಡದಿಂದ ತನ್ನ ಪಕ್ಕದ ಜಾಗ ತೋರಿಸಿದ. ಪ್ರಧಾನ ಕೈಮುಗಿದು ಹಿಂದಕ್ಕೆ ಸರಿದ. ಮತ್ತೆ ತೋರಿಸಿದ. ಪ್ರಧಾನ ಇನ್ನಷ್ಟು ಹಿಂದಕ್ಕೆ ಸರಿದು ಗೋಡೆಗೆ ತಾಗಿದ. ಅರೆಗುರುಡಿ ಬೇಬೇಗೆ ಅದು ಹೇಗೆ ಕಂಡಿತೋ. "ಮಲ್ಕೀತಾ, ಹುಡುಗ ನಿನ್ನ ಕರೀತಿದಾನೆ ಕಣೋ." "ಇಲ್ಲ ಬೇಬೇ, ಓದ್ಲಿ, ಚೆನ್ನಾಗಿ ಓದ್ತಿದಾನೆ." "ಸರದಿ ಮುಗಿದು ಎಷ್ಟೊತ್ತಾಯ್ತು, ಅವನೇನು ಮರದ ಗೊಂಬೇನಾ? ಹೋಗಿ ಕೂತ್ಕೋ. ದಿನಾ ಪುಸ್ತಕ ಜೇಬಲ್ಲಿಟ್ಕೊಂಡು ತಿರುಗ್ತೀಯಲ್ಲ." ಜನ ತಿರುಗಿ ನೋಡಿದರು. ಪ್ರಧಾನ ನಲ್ಲಿಗೆ ಹೋಗಿ ಕೈಕಾಲು ತೊಳೆದ. ಬಹಳ ಹೊತ್ತು ತೊಳೆದ. ಬಂದು ಪಕ್ಕದಲ್ಲಿ ಮಂಡಿಯೂರಿದಾಗ ಅವನ ಉಸಿರಿನಲ್ಲಿ ಏಲಕ್ಕಿಯ ವಾಸನೆ ಇತ್ತು. ರೇಶಮ್ ಬೆರಳಿನಿಂದ ಸಾಲು ತೋರಿಸಿದ. ಸಾಲು ಹಿಡಿಯಬೇಕು, ದನಿ ದನಿ ಕೂಡಬೇಕು, ಆಮೇಲೆ ಇವನು ಏಳಬೇಕು. ಪ್ರಧಾನನ ತುಟಿ ಅಲುಗಿತು. ರೇಶಮ್ ಒಂದು ಪದ ಹೇಳಿದ ಮೇಲೆ ಅದರ ಬಾಲವನ್ನು ಹಿಡಿದು ಗುನುಗಿದ. ಮುಂದಿನ ಪದಕ್ಕೂ ಹಾಗೆಯೇ, ಅರ್ಧ ಹೆಜ್ಜೆ ಹಿಂದೆ. ರೇಶಮ್ ಬೇಕೆಂದೇ ಒಂದು ಕ್ಷಣ ತಡೆದ. ಪಕ್ಕದ ದನಿಯೂ ತಡೆಯಿತು. ಅವನು ಓರೆಗಣ್ಣಿನಿಂದ ನೋಡಿದ. ಪ್ರಧಾನನ ಕಣ್ಣು ಸಾಲಿನ ಮೇಲಿರಲಿಲ್ಲ, ರೇಶಮನ ಬಾಯಿಯ ಮೇಲಿತ್ತು.

ಓದು ಬರುವುದಿಲ್ಲ. ಈ ಮನುಷ್ಯನಿಗೆ ಓದು ಬರುವುದಿಲ್ಲ. ರೇಶಮನಿಗೆ ಮೊದಲು ನಗು ಬಂತು, ನಕ್ಕರೆ ಕೆಳಗೆ ಅನಾಹುತ. ಆಮೇಲೆ ತನ್ನ ಜೀವಮಾನದ ಸಿಟ್ಟೆಲ್ಲ ಒಂದು ಕಡೆ ಬಂದು ನಿಂತು ಈಗೇನು ಮಾಡಲಿ ಎಂದು ಕೇಳಿತು. ಪ್ರಧಾನ ತಲೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸಿದ, ಬೇಡ ಎಂಬಂತೆ. ಆ ಕಣ್ಣುಗಳಲ್ಲಿ ಇದ್ದದ್ದನ್ನು ರೇಶಮ್ ಬೇರೆ ಮುಖಗಳಲ್ಲಿ ನೋಡಿದ್ದ, ಕೂಲಿ ಕೇಳಲು ಇವನ ಅಂಗಳದಲ್ಲಿ ನಿಂತವರ ಮುಖಗಳಲ್ಲಿ. ಅವನು ಎದ್ದ. ಸಿಟ್ಟಿನಿಂದ ಎದ್ದನೋ ಇನ್ನು ತಡೆಯಲಾರದೆ ಎದ್ದನೋ, ಆ ಹೊತ್ತಿನಲ್ಲಿ ಎರಡೂ ಒಂದೇ ಆಗಿತ್ತು. ಗ್ರಂಥಕ್ಕೆ ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು, ಬಾಗಿಲು ದಾಟಿದ ಕೂಡಲೇ ಬರಿಗಾಲಿನಲ್ಲಿ ಕಾದ ಅಂಗಳದ ಮೇಲೆ ಓಡಿದ. ಬೆನ್ನ ಹಿಂದೆ ಲೌಡ್‌ಸ್ಪೀಕರು ಒಂದು ಸಲ ಉಸಿರೆಳೆದುಕೊಂಡಿತು. ಇಡೀ ಊರಿನ ಮೇಲೆ ಆ ಉಸಿರು. ಮುಗಿಯಿತು ಎಂದುಕೊಂಡ. ಅಡುಗೆಮನೆಯ ಹಿಂದಿನ ಪಾಯಖಾನೆಯ ತಗಡಿನ ಬಾಗಿಲನ್ನು ಎಳೆದುಕೊಳ್ಳುವಾಗ ಪ್ರಧಾನನ ದನಿ ಕೇಳಿಸಿತು. ಓದುತ್ತಿತ್ತು.

ಲೋಕದಲ್ಲಿ ಇದಕ್ಕಿಂತ ದೊಡ್ಡ ಸುಖ ಇರಲಾರದು ಎನ್ನಿಸುವ ಹೊತ್ತಿನಲ್ಲೂ ಅವನ ಕಿವಿ ಅತ್ತಲೇ ಇತ್ತು. ಏನು ಓದುತ್ತಿದ್ದಾನೆ? ಮುದುಕ ದಿನಾ ಮುಂಜಾನೆ ಸ್ನಾನ ಮಾಡಿ ಹೇಳಿಕೊಳ್ಳುವ ಪ್ರಾರ್ಥನೆಯನ್ನು ಹೇಳುತ್ತಿದ್ದ. ಕೇಳಿ ಕೇಳಿ ಬಾಯಿಗೆ ಬಂದದ್ದು, ಊರಿನ ಮಕ್ಕಳಿಗೂ ಬರುವಂಥದ್ದು, ಗ್ರಂಥದ ಮೊಟ್ಟಮೊದಲ ಪುಟಗಳಲ್ಲಿ ಇರುವಂಥದ್ದು. ಓದು ನಡುಪುಟಗಳನ್ನು ದಾಟಿ ಎಷ್ಟೋ ಹೊತ್ತಾಗಿತ್ತು. ಆರಂಭದಿಂದ ಶುರು ಮಾಡಿರಲಿಲ್ಲ, ಅಷ್ಟು ಬುದ್ಧಿ ಓಡಿತ್ತು. ನಡುವಿನ ಒಂದು ಕಡೆಯಿಂದ ಹಿಡಿದು, ಪದಗಳನ್ನು ಮೂಗಿನಲ್ಲಿ ಎಳೆದು, ಓದಿದ ಹಾಗೆ ತಡವರಿಸುತ್ತಿದ್ದ. ರೇಶಮ್ ಹೊರಗೆ ಬಂದು ಕೈ ತೊಳೆದ. ಹಜಾರದ ಕಿಟಕಿಯ ಗಾಜಿನಲ್ಲಿ ಜನ ಕಾಣಿಸುತ್ತಿದ್ದರು. ಬೇಬೇ ದಲೀಪ್ ಕೌರಳ ತುಟಿಗಳು ಪ್ರಧಾನನ ದನಿಯ ಜೊತೆಗೇ ಆಡುತ್ತಿದ್ದವು. ಹಿಟ್ಟಿನ ಕೈಯವಳ ತುಟಿಗಳೂ. ಶರಬತ್ತಿನ ಹುಡುಗರವೂ. ಅಷ್ಟೂ ಜನಕ್ಕೆ ಗೊತ್ತಾಗಿತ್ತು. ಅಷ್ಟೂ ಜನ ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ, ಜೊತೆಯಲ್ಲಿ ಹೇಳಿಕೊಳ್ಳುತ್ತಿದ್ದರು. ತಾನು ಒಂದು ಪದ ತಪ್ಪಿದ್ದರೆ ಇವೇ ಕಣ್ಣುಗಳು ಹೇಗೆ ತೆರೆದುಕೊಳ್ಳುತ್ತಿದ್ದವು! ಅವನು ನೆರಳಿಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟ. ಹೇಳಲಿ. ಆ ಪ್ರಾರ್ಥನೆಗೂ ಒಂದು ಕೊನೆ ಇದೆ, ಅದೇನು ಬಹಳ ದೂರ ಇಲ್ಲ. ಮುಗಿದ ಮೇಲೆ ಏನು ಹೇಳುತ್ತಾನೆ ನೋಡೋಣ. ಆಗ ಕಣ್ಣು ಮುಚ್ಚಿಕೊಳ್ಳಲಿ ನೋಡೋಣ ಎಲ್ಲರೂ. ಅಪ್ಪ ಸತ್ತಾಗ ಹೆಣಕ್ಕೆ ಹೊದಿಸಲು ಇವನ ಮನೆಯಿಂದ ಬಂದ ಹಳೆಯ ಬಟ್ಟೆ, ಮೇಷ್ಟರ ಎಮ್ಮೆ, ಬೋಗುಣಿಗಾಗಿ ಜಾಗ ಬದಲಿಸಿದ ಆ ದಪ್ಪ ಬೆನ್ನು, ಎಲ್ಲಕ್ಕೂ ಸೇರಿ ಆ ಒಂದು ಮೌನ ಸಾಕು. ಕೂತುಕೊಂಡು ಕಾಯುವುದಷ್ಟೇ ಕೆಲಸ. ಯಾರನ್ನೂ ಬೈಯಬೇಕಾಗಿಲ್ಲ, ಬಕೆಟು ಎಸೆಯಬೇಕಾಗಿಲ್ಲ. ಇಷ್ಟು ಸುಲಭದ ಸೇಡು ಯಾರಿಗೆ ಸಿಗುತ್ತದೆ?

ಪ್ರಾರ್ಥನೆ ಕೊನೆಯ ಇಳಿಜಾರಿಗೆ ಬಂತು. ದನಿ ನಿಧಾನವಾಯಿತು. ಒಂದೊಂದು ಪದದ ಹಿಂದೆಯೂ ಅಡಗಿಕೊಳ್ಳಲು ನೋಡಿತು. ರೇಶಮ್ ಎದ್ದು ನಿಂತಿದ್ದ. ಯಾಕೆ ಎದ್ದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಅವನಿಗೆ ಒಪ್ಪುವ ಉತ್ತರ ಸಿಗಲಿಲ್ಲ. ಏನೇ ಆದರೂ ಓದು ಕಡಿದದ್ದು ರೇಶಮನ ಸರದಿಯಲ್ಲಿ ಎಂದೇ ಹೇಳುತ್ತಾರೆ ಎಂಬ ಲೆಕ್ಕ ಒಂದಿತ್ತು. ತಾನು ಬಿಟ್ಟು ಬಂದ ಸಾಲು ಅರ್ಧದಲ್ಲೇ ಬಾಯಿ ತೆರೆದುಕೊಂಡು ನಿಂತಿದೆ ಎಂಬುದು ಇನ್ನೊಂದು, ಅದು ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿತ್ತು. ಕರುಣೆ ಅಂತೂ ಅಲ್ಲ. ಕರುಣೆ ಎಂದು ಯಾರಾದರೂ ಹೇಳಿದ್ದರೆ ಹೊಡೆದೇಬಿಡುತ್ತಿದ್ದ. ಕಾಲು ತೊಳೆದು, ಒಳಗೆ ಹೋಗಿ, ತಲೆಬಾಗಿ, ಪಕ್ಕದಲ್ಲಿ ಕೂತ. ಪ್ರಧಾನನ ಪಗಡಿಯ ಅಂಚಿನಿಂದ ಬೆವರು ಗಡ್ಡದೊಳಕ್ಕೆ ಇಳಿಯುತ್ತಿತ್ತು, ಎಸಿ ಅಷ್ಟು ಬೀಸುತ್ತಿದ್ದರೂ. ಪುಟ ತಿರುಗಿರಲಿಲ್ಲ. ರೇಶಮ್ ಬಿಟ್ಟು ಹೋದ ಸಾಲಿನ ಕೆಳಗೆ ಸರಿಯಾಗಿ ಗ್ರಂಥಕ್ಕೆ ಹೊದಿಸುವ ಜರಿವಸ್ತ್ರದ ಅಂಚನ್ನು ಇಟ್ಟು, ಅದು ಅಲುಗದಂತೆ ಎರಡೂ ಅಂಗೈಗಳಿಂದ ಒತ್ತಿ ಹಿಡಿದುಕೊಂಡಿದ್ದ. ಓದಲಾರದವನು ಜಾಗವನ್ನಾದರೂ ಕಾದಿದ್ದ. ರೇಶಮ್ ಆ ಸಾಲನ್ನು ಮೊದಲಿನಿಂದ ಹಿಡಿದ. ಪ್ರಧಾನನ ದನಿ ಅದರ ಕೆಳಗೆ ನುಸುಳಿ, ಸ್ವಲ್ಪ ಹೊತ್ತು ಗುನುಗಿ, ಆರಿತು. ಏಳಲು ಹೋದವನಿಗೆ ಮಂಡಿ ಹಿಡಿದುಕೊಂಡಿತ್ತು. ಗೇಲಾ ಕೈಕೊಟ್ಟು ಎಬ್ಬಿಸಿದ. ಜನ ಕಣ್ಣು ಬಿಟ್ಟರು.

ಸರೂಪ್ ಸಿಂಗ್ ಬಂದಾಗ ಬಿಸಿಲು ಕಂಬದ ಬುಡಕ್ಕೆ ಇಳಿದಿತ್ತು. ಎಂಟು ಮೈಲಿಯ ದಾರಿಯಲ್ಲಿ ಪ್ರತಿ ಊರಿನವರೂ ಬಿದಿರು ಅಡ್ಡ ಹಿಡಿದು ಕುಡಿಸಿದ್ದರಂತೆ. ಬಂದವನೇ ಬಾಗಿಲಲ್ಲಿ ಅಜೈಬ್ ಸಿಂಗನಿಗೆ, "ಕೂರೋ ಮೊದಲು ನಾನು ಒಂದು ನಿಮಿಷ ಹಿಂದಕ್ಕೆ ಹೋಗಿ ಬರ್ತೀನಿ" ಅಂದದ್ದು ಮೈಕಿನಲ್ಲೂ ಸಣ್ಣಗೆ ಕೇಳಿಸಿತು. ಅವನು ಸಾಲು ಹಿಡಿದ ಮೇಲೆ ರೇಶಮ್ ಎದ್ದು ಹೊರಬಂದ. ಹೆಂಗಸರು ದಾರಿ ಬಿಟ್ಟರು. ಶರಬತ್ತಿನ ಹುಡುಗ, "ಅಳಿಸಿಬಿಟ್ಟೆಯಲ್ಲೋ ಎಲ್ಲರನ್ನೂ" ಅಂದ, ಅಣಕವಿಲ್ಲದೆ. ರೇಶಮ್ ಅವನನ್ನು ದುರುಗುಟ್ಟಿ ನೋಡಿದ. ನೇರ ಮನೆಗೆ ಹೋಗಬಹುದಿತ್ತು. ಹಸಿವಾಗಿತ್ತು. ಬಂದವರಿಗೆಲ್ಲ ಊಟ ಬಡಿಸುವ ಲಂಗರಿನ ಹಜಾರಕ್ಕೆ ಹೋಗಿ, ಚಾಪೆಯ ತುದಿಯಲ್ಲಿ ಕೂತು ತಟ್ಟೆ ಮುಂದಿಟ್ಟುಕೊಂಡ.

ಪಕ್ಕದಲ್ಲಿ ಯಾರೋ ಧೊಪ್ಪೆಂದು ಕೂತರು. ಏಲಕ್ಕಿಯ ವಾಸನೆ. ಆ ಕಡೆ ಅಷ್ಟು ಜಾಗ ಖಾಲಿ ಇತ್ತು. ಪ್ರಧಾನ ಬಂದು ತನ್ನವರ ಸಾಲು ಬಿಟ್ಟು ಇಲ್ಲಿ ಕೂತದ್ದನ್ನು ಬಡಿಸುವವರು ನೋಡಿದರು, ನೋಡದ ಹಾಗೆ ದಾಲ್ ಬಡಿಸಿಕೊಂಡು ಹೋದರು. ಇಬ್ಬರೂ ಎರಡೂ ಕೈ ಚಾಚಿ ರೊಟ್ಟಿ ತೆಗೆದುಕೊಂಡರು.

"ನಿಮ್ಮಪ್ಪ ಒಳ್ಳೆ ಆಳು" ಅಂದ ಮಲ್ಕೀತ್ ಸಿಂಗ್, ತಟ್ಟೆ ನೋಡುತ್ತ.

"ಅದನ್ನ ಹೇಳೋಕೆ ಬಂದ್ರಾ?"

"ಇಲ್ಲ." ರೊಟ್ಟಿ ಮುರಿದ. ಮುರಿದ ತುಂಡನ್ನು ಮತ್ತೆ ಮುರಿದ. "ನಾನು ಚಿಕ್ಕವನಿದ್ದಾಗ ನಮ್ಮಪ್ಪ ಹೊಲಕ್ಕೆ ನೀರು ಕಟ್ಟೋಕೆ ಹಚ್ಚಿಬಿಟ್ಟ. ಆಮೇಲೆ ಹೊತ್ತು ಆಗಲಿಲ್ಲ. ಆಮೇಲೆ ಗಡ್ಡ ಬೆಳ್ಳಗಾಯ್ತು, ಪ್ರಧಾನ ಮಾಡಿಬಿಟ್ರು. ಕೇಳೋದು ಯಾರನ್ನ?"

ರೇಶಮ್ ರೊಟ್ಟಿಯನ್ನು ದಾಲಿಗೆ ಅದ್ದಿದ.

"ಕಲಿಸ್ತೀಯಾ?"

ದನಿ ಎಷ್ಟು ಸಣ್ಣದಾಗಿತ್ತೆಂದರೆ ಮೊದಲು ಕೇಳಿಸಲಿಲ್ಲವೆಂದೇ ನಟಿಸಬಹುದಿತ್ತು. ರೇಶಮ್ ತಿರುಗಿ ನೋಡಿದ. ಸಿಟ್ಟು ತನ್ನ ಜಾಗದಲ್ಲಿದೆಯೇ ಎಂದು ಒಳಗೆ ತಡಕಿದ. ಇತ್ತು. ಆದರೆ ಅದರ ಕೈಯಲ್ಲಿ ಏನೂ ಇರಲಿಲ್ಲ.

"ಹೊಲದಲ್ಲಿ ಪಂಪಿನ ಕೋಣೆ ಇದೆಯಲ್ಲ" ಅಂದ ಪ್ರಧಾನ, ಇನ್ನಷ್ಟು ಬಾಗಿ. "ಅಲ್ಲಿ ಯಾರೂ ಬರಲ್ಲ. ಕತ್ತಲಾದ ಮೇಲೆ ಬಂದು ಹೋಗು. ನಿನ್ನ ಋಣ ಇಟ್ಕೊಳ್ಳಲ್ಲ."

ಸಿಟ್ಟಿನ ಕೈಗೆ ಈಗ ಏನೋ ಸಿಕ್ಕಿತು. "ನಾನು ಕಲಿಸಲ್ಲ" ಅಂದ ರೇಶಮ್, ಎಂದಿನ ದನಿಯಲ್ಲೇ, ಯಾರಿಗೆ ಬೇಕಾದರೂ ಕೇಳಿಸಲಿ ಎಂಬಂತೆ. "ನಂಗೆ ಕಲಿಸಿದೋಳು ನಮ್ಮತ್ತೆ. ಸಂಜೆ ಸಂಜೆ ನಮ್ಮ ಗುರುದ್ವಾರದಲ್ಲಿ ಮಕ್ಕಳನ್ನ ಕೂರಿಸ್ಕೊಳ್ತಾಳೆ. ನೀವೂ ಬಂದು ಕೂತ್ಕೊಳ್ಳಿ. ಬೆಳಕಿರುವಾಗಲೇ."

"ಮೇಲೋ ಹತ್ರ."

"ಅವಳ ಹತ್ರಾನೇ."

"ಮಕ್ಕಳ ಜೊತೆ."

"ಹೌದು."

ಬಡಿಸುವವನು ರೊಟ್ಟಿಯ ಬುಟ್ಟಿ ಹಿಡಿದು ಬಂದು, "ಪ್ರಸಾದ, ಪ್ರಧಾನ್ ಜೀ?" ಅಂದ. ಮಲ್ಕೀತ್ ಸಿಂಗ್ ಯೋಚನೆಯಿಲ್ಲದೆ ಎರಡೂ ಕೈ ಚಾಚಿದ. ಇನ್ನೊಂದು ರೊಟ್ಟಿ ಬಿತ್ತು. ಹಾಕಿಸಿಕೊಂಡದ್ದನ್ನು ಬಿಡುವಂತಿಲ್ಲ.

"ಎಷ್ಟು ದೊಡ್ಡ ಮಕ್ಕಳು?" ಎಂದು ಕೇಳಿದ, ಅದರ ಅಂಚು ಮುರಿಯುತ್ತ.

"ಹಾಲುಹಲ್ಲು ಬೀಳೋ ವಯಸ್ಸು."

ಪಂಕ್ತಿ ಎದ್ದಿತು. ತಟ್ಟೆಗಳು ಹೋದವು, ಚಾಪೆಯ ಆ ತುದಿಯನ್ನು ಸುತ್ತತೊಡಗಿದರು. ರೇಶಮನ ತಟ್ಟೆ ಖಾಲಿಯಾಗಿತ್ತು. ಅವನು ಏಳಲಿಲ್ಲ. ಒಂದು ಹೌದೋ ಒಂದು ಇಲ್ಲವೋ ಕಿವಿಗೆ ಬೀಳುವ ತನಕ ಏಳುವುದಿಲ್ಲವೆಂದು ಕಾಲು ಮಡಿಚಿ ಕೂತ. ಚಾಪೆ ಸುತ್ತುವವರು ಹತ್ತಿರ ಬಂದು ಕಾದು ನಿಂತರು. ಮಲ್ಕೀತ್ ಸಿಂಗ್ ತಲೆ ತಗ್ಗಿಸಿ, ಕೊನೆಯ ರೊಟ್ಟಿಯನ್ನು ಆದಷ್ಟು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದನ್ನೇ ಅಗಿಯುತ್ತಿದ್ದ.